ಗುಡ್ಡೆ ಹತ್ತಿದರೆ ಕೂಗಳತೆ ಎಷ್ಟು?

ಪಡುವಣದಲ್ಲಿ ಕಡಲು, ಮೂಡಣದಲ್ಲಿ ಘಟ್ಟ, ನಡುವೆ ನಮ್ಮ ಊರುಗಳು. ಉಡುಪಿ ಸೀಮೆಯ ನೆಲ ಸಮತಟ್ಟಾಗಿ ಮಲಗಿದ್ದು ಕಡಲ ಬದಿಯಲ್ಲಿ ಮಾತ್ರ. ಸ್ವಲ್ಪ ಒಳಗೆ ಬಂದರೆ ಸಾಕು, ಏರು ಇಳಿತ ಶುರು. ಅದಕ್ಕೇ ಇಲ್ಲಿನವರ ಬಾಯಲ್ಲಿ ಎತ್ತರದ ಜಾಗಗಳಿಗೆ ಒಂದಲ್ಲ, ಹಲವು ಹೆಸರುಗಳು. ಮುರಕಲ್ಲಿನ ಬಯಲಾದರೆ ಪದವು, ಕರಿಬಂಡೆಯಾದರೆ ಪಾದೆ, ಮರಗಿಡ ಇದ್ದರೆ ಗುಡ್ಡೆ, ದೇವರು ನೆಲೆಸಿದ್ದರೆ ಗಿರಿ.

ಈ ಎತ್ತರಗಳನ್ನು ಹಿರಿಯರು ಸುಮ್ಮನೆ ಬಿಡಲಿಲ್ಲ. ಒಂದರ ಮೇಲೆ ಗುಡಿ ಕಟ್ಟಿದರು, ಒಂದರ ಮೇಲೆ ಗೊಮ್ಮಟನನ್ನು ನಿಲ್ಲಿಸಿದರು, ಕಡಲ ಬಂಡೆಯ ಮೇಲೆ ದೀಪಸ್ತಂಭ ಎಬ್ಬಿಸಿದರು, ಬೋಳು ಗುಡ್ಡೆಯ ಮೇಲೆ ಕಾಲೇಜು ತೆರೆದರು. ಈಗ ಲೋಕದ ನಾನಾ ಕಡೆ ಇನ್ನೊಂದು ಕೆಲಸಕ್ಕೂ ಜನ ಬೆಟ್ಟ ಹತ್ತುತ್ತಿದ್ದಾರೆ. ಬೆನ್ನಚೀಲದಲ್ಲಿ ಪುಟ್ಟ ರೇಡಿಯೋ ಇಟ್ಟುಕೊಂಡು ತುದಿಗೆ ಹೋಗುವುದು, ಅಲ್ಲಿಂದ ದೂರದ ಊರಿನವರನ್ನು ಕರೆದು ಮಾತಾಡಿಸುವುದು, ಇಳಿದು ಬರುವುದು. ಚಾರಣವೂ ಆಯಿತು, ಬಾನುಲಿಯೂ ಆಯಿತು.

‘ಕೂಗಳತೆ’ ಎಂಬ ಮಾತು ಅಜ್ಜ ಅಜ್ಜಿಯರಿಗೆ ಗೊತ್ತು. ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳುವಷ್ಟು ದೂರ. ಗದ್ದೆಯ ಬದಿಯಲ್ಲಿ ನಿಂತರೆ ಕೂಗಳತೆ ಇಷ್ಟೇ. ಹಾಗಾದರೆ ಗುಡ್ಡೆಯ ಮೇಲೆ, ಕೈಯಲ್ಲಿ ರೇಡಿಯೋ ಹಿಡಿದು ನಿಂತರೆ ಎಷ್ಟು? ಇದನ್ನು ತಿಳಿಯಲೆಂದೇ ನಾವು ಮೂವರು ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಎರಡು ದಿನದ ತಿರುಗಾಟ ಇಟ್ಟುಕೊಂಡೆವು. ಐದನೆಯ ತರಗತಿಯ ಮೊಮ್ಮಗಳು, ನಾನು, ಮತ್ತು ನಮ್ಮ ಬೀದಿಯ ಮಕ್ಕಳೆಲ್ಲ ‘ರೇಡಿಯೋ ಮಾವ’ ಎಂದು ಕರೆಯುವ ಹಳೆಯ ಮಿತ್ರರು. ನವರಾತ್ರಿ ಕಳೆದ ಮರುವಾರ. ಮಳೆ ಹಿಂದೆ ಸರಿದಿತ್ತು, ಆದರೆ ಪೂರ್ತಿ ಹೋಗಿರಲಿಲ್ಲ.

ರಥಬೀದಿಯಲ್ಲಿ ಗೊರಗೊರ

ರೇಡಿಯೋ ಮಾವ ‘ಹ್ಯಾಮ್’. ಅಂದರೆ ಸರ್ಕಾರದ ಪರೀಕ್ಷೆ ಬರೆದು, ಪರವಾನಗಿ ಪಡೆದ ಹವ್ಯಾಸಿ ಬಾನುಲಿಗಾರ. ಆಕಾಶವಾಣಿಯಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರೆಲ್ಲ ಕೇಳುತ್ತಾರೆ. ಹ್ಯಾಮ್ ಬಾನುಲಿಯಲ್ಲಿ ಹಾಗಲ್ಲ, ಕೇಳಿದವರು ಮರುಮಾತು ಆಡಬಹುದು. ಅಲ್ಲಿ ವ್ಯಾಪಾರ ಮಾಡುವಂತಿಲ್ಲ. ಗುಟ್ಟಿನ ಮಾತು ಆಡುವಂತಿಲ್ಲ. ಗೆಳೆತನ, ಕಲಿಕೆ, ಕಷ್ಟಕಾಲದಲ್ಲಿ ನೆರವು, ಇಷ್ಟೇ ಅದರ ಉದ್ದೇಶ.

ಕರಾವಳಿಯ ಹಿರಿಯರಿಗೆ ರೇಡಿಯೋ ಹೊಸದೇನಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದಾಗ ಅದರ ಪ್ರಸಾರ ಸ್ತಂಭ ಎದ್ದದ್ದು ನಮ್ಮ ಬ್ರಹ್ಮಾವರದಲ್ಲಿ. ಅದಕ್ಕೂ ಹಿಂದಿನ ಕಥೆ ಇನ್ನೂ ಸೊಗಸು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ ಒಂದು ಪುಟ್ಟ ಬಾನುಲಿ ಕೇಂದ್ರ ನಡೆಸಿದರು. ಅದರ ಶಕ್ತಿ ಬರೀ 30 ವಾಟ್, ಒಂದು ಮಂದ ಬಲ್ಬಿನಷ್ಟು. ಆ ಕೇಂದ್ರಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಬಂತು. ನಮ್ಮ ನಾಡಿನಲ್ಲಿ ಬಾನುಲಿ ಶುರುವಾದದ್ದೇ ಒಬ್ಬ ಮೇಷ್ಟರ ಹವ್ಯಾಸದಿಂದ ಎಂದ ಹಾಗಾಯಿತು.

ಶನಿವಾರ ಬೆಳಗ್ಗೆ ಉಡುಪಿಯ ರಥಬೀದಿಯ ಹೊರಗೆ ನಿಂತು ರೇಡಿಯೋ ಮಾವ ಕೈಯಲ್ಲಿದ್ದ ಸೆಟ್ಟನ್ನು ತಿರುಗಿಸಿದರು. ಗಾತ್ರ ಒಂದು ದಪ್ಪ ಟಾರ್ಚಿನಷ್ಟು, ಶಕ್ತಿ 5 ವಾಟ್. ಗೊರಗೊರ ಸದ್ದು ಬಿಟ್ಟರೆ ಏನೂ ಇಲ್ಲ.

“ಮಾವ, ಹಾಳಾಗಿದೆಯಾ?” ಎಂದಳು ಮೊಮ್ಮಗಳು.

“ಹಾಳಾಗಿಲ್ಲ ಮಗಾ. ಸುತ್ತ ಮಠ, ಮಾಳಿಗೆ, ಅಂಗಡಿ, ವಯರು. ನಾವು ಬಾವಿಯೊಳಗೆ ಇದ್ದ ಹಾಗೆ. ಬಾವಿಯೊಳಗಿನಿಂದ ಕೂಗಿದರೆ ಯಾರಿಗೆ ಕೇಳುತ್ತದೆ? ಮೇಲೆ ಹೋಗೋಣ.”

ಮಣಿಪಾಲ: ಬೋಳು ಗುಡ್ಡೆಯ ಪಾಠ

ಉಡುಪಿಯಿಂದ ಮಣಿಪಾಲಕ್ಕೆ ಏರುವ ದಾರಿ ಐದು ಕಿಲೋಮೀಟರಿನಷ್ಟು. ಇಂದು ಎಲ್ಲೆಲ್ಲೂ ಎತ್ತರದ ಕಟ್ಟಡಗಳು. ಆದರೆ ಏಳೆಂಟು ದಶಕಗಳ ಹಿಂದೆ ಇದು ಹುಲ್ಲು ಒಣಗಿದ ಬೋಳು ಗುಡ್ಡೆ. ‘ಮಣ್ಣಪಳ್ಳ’ ಎಂಬ ಕೆರೆಯ ಹೆಸರೇ ಬಾಯಿಂದ ಬಾಯಿಗೆ ಸವೆದು ಮಣಿಪಾಲ ಆಯಿತು ಎನ್ನುತ್ತಾರೆ. ಆ ಕೆರೆ ಈಗಲೂ ಇದೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಇಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದ ಮೇಲೆ ಗುಡ್ಡೆಯ ಹಣೆಬರಹವೇ ಬದಲಾಯಿತು.

ಊರಿನ ಮೂಡು ಅಂಚಿನಲ್ಲಿ ‘ಎಂಡ್ ಪಾಯಿಂಟ್’. ಅಲ್ಲಿ ಗುಡ್ಡೆ ಮುಗಿಯುತ್ತದೆ, ಕೆಳಗೆ ಸ್ವರ್ಣಾ ನದಿ ತೆಂಗಿನ ತೋಟಗಳ ನಡುವೆ ಬಳುಕುತ್ತದೆ. ಘಟ್ಟದಲ್ಲಿ ಹುಟ್ಟಿ ಕಾರ್ಕಳ ಸೀಮೆ ದಾಟಿ ಬಂದ ನೀರು ಅದು. ಮೂಡಣಕ್ಕೆ ನೋಡಿದರೆ ಘಟ್ಟದ ನೀಲಿ ಗೆರೆ.

ರೇಡಿಯೋ ಮಾವ ಅದೇ ಸೆಟ್ಟನ್ನು ಮತ್ತೆ ತಿರುಗಿಸಿದರು. ಗೊರಗೊರದ ನಡುವಿನಿಂದ ಒಂದು ಗಂಡು ದನಿ, ಪಕ್ಕದ ಕೋಣೆಯಲ್ಲಿದ್ದಷ್ಟು ಸ್ಪಷ್ಟ. ಮಂಗಳೂರಿನ ಹವ್ಯಾಸಿಯೊಬ್ಬರು ಮತ್ತೊಬ್ಬರ ಜೊತೆ ಮಳೆಯ ಸುದ್ದಿ ಮಾತಾಡುತ್ತಿದ್ದರು. ಮೊಮ್ಮಗಳು ಸೆಟ್ಟನ್ನೂ ಘಟ್ಟವನ್ನೂ ಒಂದೊಂದು ಸಲ ನೋಡಿದಳು. “ಅದೇ ರೇಡಿಯೋ, ಅದೇ ಬ್ಯಾಟರಿ. ಗುಡ್ಡೆ ಮಾತ್ರ ಬೇರೆ” ಎಂದಳು.

ಅಷ್ಟೇ ವಿಷಯ. ಈ ಸೆಟ್ಟು ಬಳಸುವ ಅಲೆಗಳು ಸೆಕೆಂಡಿಗೆ 14 ಕೋಟಿಗಿಂತ ಹೆಚ್ಚು ಸಲ ಅದುರುವ ಅಲೆಗಳು. ಹೆಚ್ಚುಕಡಿಮೆ ಬೆಳಕಿನಂತೆ ನೆಟ್ಟಗೆ ಹೋಗುತ್ತವೆ. ಭೂಮಿ ಚೆಂಡಿನಂತೆ ಬಾಗಿರುವುದರಿಂದ ಒಂದಷ್ಟು ದೂರದ ಮೇಲೆ ನೆಲವೇ ಅಡ್ಡ ಬರುತ್ತದೆ. ನಾವು ಮೇಲೆ ಹೋದಷ್ಟೂ ಆ ಅಡ್ಡ ದೂರ ಸರಿಯುತ್ತದೆ. ಕೂಗಳತೆ ಹೆಚ್ಚಾಗುವುದು ಗಂಟಲಿನಿಂದಲ್ಲ, ಕಾಲಿನಿಂದ!

ಕಾಪು: ದೀಪದ ಲೆಕ್ಕ

ಸಂಜೆಗೆ ಕಾಪು. ಉಡುಪಿಯಿಂದ ತೆಂಕಣಕ್ಕೆ ಹದಿಮೂರು ಕಿಲೋಮೀಟರಿನಷ್ಟು. ಕಡಲಿಗೆ ಚಾಚಿದ ಕರಿಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ. ಎತ್ತರ 27 ಮೀಟರ್. ಸಂಜೆಯ ಹೊತ್ತು ಮೇಲೇರಲು ಪ್ರವಾಸಿಗರಿಗೆ ಅವಕಾಶವಿರುತ್ತದೆ. ಒಳಗಿನ ಮೆಟ್ಟಿಲು ಸುರುಳಿ ಸುರುಳಿ. ನನ್ನಂಥವರು ನಡುನಡುವೆ ನಿಂತು ಉಸಿರು ತೆಗೆದುಕೊಂಡೇ ಹೋಗಬೇಕು.

ಮಕ್ಕಳೇ, ಇಲ್ಲಿ ನಿಮಗೊಂದು ಲೆಕ್ಕ. ನೀವು ನಿಂತ ಜಾಗದಿಂದ ದಿಗಂತ ಎಷ್ಟು ದೂರ ಎಂದು ತಿಳಿಯಲು, ನಿಮ್ಮ ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಳ್ಳಿ. ಅದರ ವರ್ಗಮೂಲ ಕಂಡುಹಿಡಿಯಿರಿ. ಅದನ್ನು 3.57ರಿಂದ ಗುಣಿಸಿ. ಬಂದ ಉತ್ತರ ಕಿಲೋಮೀಟರಿನಲ್ಲಿ.

ಮರಳಿನ ಮೇಲೆ ನಿಂತ ಹತ್ತು ವರ್ಷದ ಹುಡುಗಿಯ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಮೇಲಿರುತ್ತದೆ. ಅವಳಿಗೆ ಕಾಣುವ ಕಡಲು ಬರೀ 4 ಕಿಲೋಮೀಟರ್! ನಾವು ‘ಅನಂತ ಸಾಗರ’ ಎನ್ನುವುದು ಇಷ್ಟನ್ನೇ. 25 ಮೀಟರ್ ಎತ್ತರಕ್ಕೆ ಹೋದರೆ ವರ್ಗಮೂಲ 5, ದಿಗಂತ ಸುಮಾರು 18 ಕಿಲೋಮೀಟರ್. 100 ಮೀಟರಿನ ಗುಡ್ಡೆಯಿಂದ ಸುಮಾರು 36. ರೇಡಿಯೋ ಅಲೆಗಳನ್ನು ಗಾಳಿಯ ಪದರಗಳು ತುಸು ಬಾಗಿಸುವುದರಿಂದ ಅವು ಇದಕ್ಕಿಂತಲೂ ಕೊಂಚ ಮುಂದೆ ಹೋಗುತ್ತವೆ. ಕೇಳುವವರೂ ಎತ್ತರದಲ್ಲಿದ್ದರೆ ಇಬ್ಬರ ದಿಗಂತವನ್ನೂ ಕೂಡಿಸಬೇಕು. ಎರಡು ಗುಡ್ಡೆಗಳು ಕೈಚಾಚಿ ಮುಟ್ಟಿಕೊಂಡ ಹಾಗೆ.

ದೀಪಸ್ತಂಭಕ್ಕೂ ರೇಡಿಯೋಗೂ ನೆಂಟಸ್ತಿಕೆ ಇದೆ. ಬೆಳಕೂ ರೇಡಿಯೋ ಅಲೆಯೂ ಒಂದೇ ಕುಲ. ಎರಡೂ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ವೇಗದಲ್ಲಿ ಓಡುತ್ತವೆ. ಪ್ರತಿ ದೀಪಸ್ತಂಭಕ್ಕೂ ತನ್ನದೇ ಆದ ಮಿನುಗಿನ ಲಯ ಇರುತ್ತದೆ. ಆ ಲಯ ನೋಡಿ ಮೀನುಗಾರರು, ನಾವಿಕರು ‘ಇದು ಇಂಥ ಊರು’ ಎಂದು ಗುರುತಿಸುತ್ತಾರೆ. ಹಾಗೆಯೇ ಪ್ರತಿ ಹ್ಯಾಮ್‌ಗೂ ಒಂದು ಕರೆಸಂಕೇತ. ಭಾರತದ ಹವ್ಯಾಸಿಗಳ ಸಂಕೇತ ಸಾಮಾನ್ಯವಾಗಿ ‘ವಿಯು2’ ಅಥವಾ ‘ವಿಯು3’ ಎಂದು ಶುರುವಾಗುತ್ತದೆ, ಆಮೇಲೆ ಎರಡು ಮೂರು ಅಕ್ಷರ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಹ್ಯಾಮ್. ಅವರ ಸಂಕೇತ ‘ವಿಯು2ಆರ್‌ಜಿ’.

ದೀಪಸ್ತಂಭದ ಮೇಲಿನಿಂದ ರೇಡಿಯೋ ಮಾವ ಕಡಲಿನತ್ತ ಕೈ ತೋರಿಸಿದರು. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ಚಂಡಮಾರುತ ಬಂದಾಗ ಒಂದು ಟಗ್ಗು ಇಲ್ಲೇ ಕಾಪು ಕಡಲಿನ ಬಂಡೆಗಳಿಗೆ ಸಿಲುಕಿತ್ತು. ಒಳಗೆ ಒಂಬತ್ತು ಜನ. ದಡದಲ್ಲಿ ನಿಂತವರಿಗೆ ಕಾಣುತ್ತಿತ್ತು, ಆದರೆ ಆ ಅಲೆಗಳಲ್ಲಿ ದೋಣಿ ಹಾಕುವಂತಿರಲಿಲ್ಲ. ಕೊನೆಗೆ ಕರಾವಳಿ ರಕ್ಷಣಾ ಪಡೆಯವರೂ ನೌಕಾಪಡೆಯ ಹೆಲಿಕಾಪ್ಟರಿನವರೂ ಸೇರಿ ಒಂಬತ್ತು ಜನರನ್ನೂ ಪಾರುಮಾಡಿದರು.

“ಕಾಣುವಷ್ಟು ಹತ್ತಿರ ಇದ್ದರೂ ಕೂಗಿದ್ದು ಕೇಳಿಸುವುದಿಲ್ಲ. ಅಂಥ ಹೊತ್ತಿನಲ್ಲಿ ಇಂಥ ಕಡೆ ಹೋಗುವವರ ಕೈಯಲ್ಲಿ ಒಂದು ನಂಬುವಂಥ ರೇಡಿಯೋ, ಅದನ್ನು ಬಳಸಲು ಬಲ್ಲ ತಲೆ, ಎರಡೂ ಬೇಕು” ಎಂದರು ಮಾವ. ಮೊಮ್ಮಗಳು ಬಹಳ ಹೊತ್ತು ಆ ಬಂಡೆಗಳನ್ನೇ ನೋಡುತ್ತಿದ್ದಳು.

ಕುಂಜಾರುಗಿರಿ: ತಾಯಿ ಕರೆದ ದನಿ

ಭಾನುವಾರ ಬೆಳಗ್ಗೆ ಕುಂಜಾರುಗಿರಿ. ಶ್ರೀ ಮಧ್ವಾಚಾರ್ಯರು ಹುಟ್ಟಿದ ಪಾಜಕ ಕ್ಷೇತ್ರ ಇದರ ಬುಡದಲ್ಲೇ ಇದೆ. ತುದಿಯಲ್ಲಿ ದುರ್ಗಾದೇವಿಯ ಗುಡಿ. ಸುತ್ತ ಪರಶು, ಧನುಸ್ಸು, ಗದಾ, ಬಾಣ ಎಂದು ನಾಲ್ಕು ತೀರ್ಥಗಳು. ಬಾಲಕನಾಗಿದ್ದ ಮಧ್ವರು ಗಿರಿಯ ಮೇಲಿದ್ದಾಗ ಕೆಳಗಿನಿಂದ ತಾಯಿ ಕರೆದರಂತೆ. ಹುಡುಗ ಅಲ್ಲಿಂದಲೇ ನೆಗೆದು ಮನೆಯ ಬಳಿ ಬಂದು ನಿಂತನಂತೆ. ಆ ಹೆಜ್ಜೆಗುರುತೆಂದು ಪಾಜಕದಲ್ಲಿ ಇಂದಿಗೂ ತೋರಿಸುತ್ತಾರೆ. ನಮ್ಮ ತಿರುಗಾಟಕ್ಕೆ ಇದಕ್ಕಿಂತ ಹೊಂದುವ ಕಥೆ ಬೇಕೆ? ಕೆಳಗಿನ ಕರೆ ಮೇಲಕ್ಕೆ ಕೇಳಿಸಿತು, ಉತ್ತರ ಕ್ಷಣದಲ್ಲಿ ಬಂತು.

ಮೆಟ್ಟಿಲು ಹತ್ತಿ ದೇವಿಗೆ ಕೈಮುಗಿದೆವು. ಗುಡಿಯ ಆವರಣದಲ್ಲಿ ರೇಡಿಯೋ ತೆಗೆಯಲಿಲ್ಲ. ಪೂಜೆಗೆ ಬಂದವರಿಗೆ ಕಿರಿಕಿರಿಯಾಗಬಾರದು. ಹೊರಗೆ ಬಂದು ಒಂದು ಮರದ ನೆರಳಿನಲ್ಲಿ ಕುಳಿತ ಮೇಲೆಯೇ ಮಾವ ಮೊದಲ ಸಲ ಬಾಯಿ ತೆರೆದರು. “ಸಿಕ್ಯೂ, ಸಿಕ್ಯೂ” ಎಂದು ಕರೆದು, ತಮ್ಮ ಸಂಕೇತ ಹೇಳಿದರು. ‘ಸಿಕ್ಯೂ’ ಎಂದರೆ ‘ಯಾರಾದರೂ ಇದ್ದೀರಾ?’ ಎಂಬ ಬಹಿರಂಗ ಕರೆ. ಅಕ್ಷರಗಳು ತಪ್ಪಾಗಿ ಕೇಳಿಸಬಾರದೆಂದು ‘ಎ’ಗೆ ಆಲ್ಫಾ, ‘ಬಿ’ಗೆ ಬ್ರಾವೋ, ‘ಸಿ’ಗೆ ಚಾರ್ಲಿ ಎಂದು ಬಿಡಿಸಿ ಹೇಳುತ್ತಾರೆ. ಎರಡನೆಯ ಕರೆಗೆ ಉತ್ತರ ಬಂತು. ಹೆಸರು, ಊರು, ದನಿ ಎಷ್ಟು ಚೆನ್ನಾಗಿ ಕೇಳುತ್ತಿದೆ ಎಂಬ ಅಂಕ. ಕೊನೆಯಲ್ಲಿ ಇಬ್ಬರೂ “73” ಎಂದರು. ತಂತಿ ಕಳಿಸುವ ಕಾಲದಿಂದ ಉಳಿದುಬಂದ ಈ ಅಂಕಿಗೆ ‘ಶುಭಾಶಯಗಳು’ ಎಂದರ್ಥ.

“ನಾನೂ ಒಂದು ಮಾತು ಹೇಳಲಾ?” ಮೊಮ್ಮಗಳು ಕೈಚಾಚಿದಳು.

ಮಾವ ಸೆಟ್ಟನ್ನು ಕೊಡಲಿಲ್ಲ. “ಕೇಳುವುದಕ್ಕೆ ಕೇಳು. ಮಾತಾಡುವುದಕ್ಕೆ ನಿನ್ನದೇ ಪರವಾನಗಿ ಬೇಕು. ಲೈಸೆನ್ಸ್ ಇಲ್ಲದೆ ನಿನ್ನ ಅಪ್ಪ ಕಾರು ಓಡಿಸುತ್ತಾನಾ?”

ಹನ್ನೆರಡು ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಇವಳಿಗೆ ಈಗ ಹತ್ತು. ಮುಖ ಸಣ್ಣದಾಯಿತು. ಆಗ ಮಾವ ಅವಳ ಕೈಗೆ ಒಂದು ನೋಟುಪುಸ್ತಕ ಕೊಟ್ಟು ದಾಖಲೆ ಬರೆಯುವ ಕೆಲಸ ಒಪ್ಪಿಸಿದರು. ಯಾರ ಜೊತೆ, ಯಾವ ಹೊತ್ತಿಗೆ, ಎಷ್ಟು ಸ್ಪಷ್ಟವಾಗಿ ಎಂದು ಬರೆಯಬೇಕು. ಹೊತ್ತನ್ನು ಲೋಕಕ್ಕೆಲ್ಲ ಒಂದೇ ಆದ ಸಮಯದಲ್ಲಿ ಬರೆಯುವುದು ವಾಡಿಕೆ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮ ಬೆಳಗಿನ 8 ಗಂಟೆ ಅಲ್ಲಿ ನಸುಕಿನ 2.30. ಕಳೆಯುವ ಲೆಕ್ಕ ಮಾಡುತ್ತಾ ಮುಖ ಮತ್ತೆ ಅರಳಿತು.

ಶಿಖರದ ಆಟದ ನಿಯಮ

ಇಳಿಯುವಾಗ ಮಾವ ಬೆಟ್ಟದ ಬಾನುಲಿಯ ಕಥೆ ಹೇಳಿದರು. 2002ರ ಮಾರ್ಚ್ 2ರಂದು ಬ್ರಿಟನ್ನಿನಲ್ಲಿ ‘ಸಮಿಟ್ಸ್ ಆನ್ ದಿ ಏರ್’ ಎಂಬ ಆಟ ಶುರುವಾಯಿತು. ಬಳಿಕ ಹಲವು ದೇಶಗಳಿಗೆ ಹಬ್ಬಿತು. ಆಟ ಎಂದರೂ ಅಲ್ಲಿ ಸೋಲಿಸುವ ಎದುರಾಳಿ ಇಲ್ಲ. ನಿಯಮಗಳು ಮಾತ್ರ ಖಡಕ್ಕು.

ಮೊದಲನೆಯದು, ಸಾಮಾನನ್ನೆಲ್ಲ ನೀವೇ ಹೊತ್ತು ಹತ್ತಬೇಕು. ವಾಹನದಲ್ಲಿ ಕೂತು ಮಾತಾಡುವಂತಿಲ್ಲ. ಎರಡನೆಯದು, ಮೇಲೆ ಇರುವ ಕರೆಂಟು ಬಳಸುವಂತಿಲ್ಲ, ಡೀಸೆಲ್ ಜನರೇಟರ್ ಕೂಡದು. ಬ್ಯಾಟರಿ ಅಥವಾ ಸೌರಫಲಕವೇ ಗತಿ. ಮೂರನೆಯದು, ತುದಿಯಿಂದ 25 ಮೀಟರಿಗಿಂತ ಕೆಳಗೆ ಇಳಿಯದೆ ಮಾತಾಡಬೇಕು. ನಾಲ್ಕನೆಯದು, ಅಂಕ ಸಿಗಬೇಕಾದರೆ ನಾಲ್ಕು ಬೇರೆ ಬೇರೆ ನಿಲಯಗಳ ಜೊತೆ ಮಾತು ಮುಗಿಸಬೇಕು. ಬೆಟ್ಟದ ಎತ್ತರಕ್ಕೆ ತಕ್ಕಂತೆ ಒಂದರಿಂದ ಹತ್ತರವರೆಗೆ ಅಂಕ. ಹತ್ತಿ ಹತ್ತಿ ಸಾವಿರ ಅಂಕ ಕೂಡಿಸಿದವರಿಗೆ ‘ಬೆಟ್ಟದ ಆಡು’ ಎಂಬ ಬಿರುದು! ಮನೆಯಲ್ಲೇ ಕೂತು ಬೆಟ್ಟದವರಿಗೆ ಉತ್ತರ ಕೊಡುವವರಿಗೂ ಅಂಕ ಉಂಟು. ಮಂಡಿನೋವಿನ ಅಜ್ಜಂದಿರು ಬೇಸರಪಡಬೇಕಾಗಿಲ್ಲ.

ಯಾವ ಬೆಟ್ಟವಾದರೂ ಲೆಕ್ಕಕ್ಕೆ ಬರುವುದಿಲ್ಲ. ಸುತ್ತಲಿನ ನೆಲದಿಂದ ಅದು ಸಾಮಾನ್ಯವಾಗಿ 150 ಮೀಟರಾದರೂ ತಲೆಯೆತ್ತಿ ಬೇರೆಯಾಗಿ ನಿಂತಿರಬೇಕು. ಹಾಗಾಗಿ ಮಣಿಪಾಲದ ಗುಡ್ಡೆಗೆ ಅಂಕ ಇಲ್ಲ. ಕೊಲ್ಲೂರಿನಿಂದ ಕಾಣುವ 1,343 ಮೀಟರಿನ ಕೊಡಚಾದ್ರಿಯೋ, ಸುಮಾರು 1,890 ಮೀಟರಿನ ಕುದುರೆಮುಖವೋ ಆದರೆ ಆ ಮಾತೇ ಬೇರೆ. ಕುದುರೆಮುಖದ ತುದಿಗೆ ನಮ್ಮ ವರ್ಗಮೂಲದ ಲೆಕ್ಕ ಹಾಕಿ ನೋಡಿ. ದಿಗಂತ ಸುಮಾರು 155 ಕಿಲೋಮೀಟರ್ ದೂರ ಸರಿಯುತ್ತದೆ. ಕಡಲಿನಿಂದ ನೋಡಿದ ನಾವಿಕರಿಗೂ ಆ ಕುದುರೆಯ ಮುಖ ದಾರಿಯ ಗುರುತಾಗಿತ್ತಂತೆ. ಆದರೆ ಅದು 1987ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನದ ಕಾಡು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ರೇಡಿಯೋ ಹೊತ್ತವರು ಅದನ್ನೂ ಮೊದಲೇ ತಿಳಿಸಬೇಕು.

ಕಾರ್ಕಳ: ನಾಲ್ಕನೆಯ ಕರೆ

ಕಾರ್ಕಳ ಕಲ್ಲಿನ ಊರು. ಹೆಬ್ಬಂಡೆಯ ಬೆಟ್ಟದ ಮೇಲೆ 42 ಅಡಿಯ ಬಾಹುಬಲಿ ನಿಂತಿದ್ದಾನೆ. ಭೈರರಸ ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ ಮೂರ್ತಿ. ಕೆಳಗೆಲ್ಲೋ ಕಡೆದು, ಬಂಡಿಯ ಮೇಲಿಟ್ಟು ಎಳೆದು ಮೇಲೆ ತಂದರೆಂದು ಹೇಳಿಕೆ. ಮೆಟ್ಟಿಲು ಹತ್ತುವಾಗ “ನಮ್ಮ ಚೀಲ ಮೂರು ಕಿಲೋ. ಅದಕ್ಕೇ ಅಜ್ಜ ಏದುಸಿರು ಬಿಡುತ್ತಾರೆ” ಎಂದು ಮೊಮ್ಮಗಳು ಚುಚ್ಚಿದಳು.

ಎದುರಿನ ಸಣ್ಣ ಗುಡ್ಡೆಯ ಮೇಲೆ ಚತುರ್ಮುಖ ಬಸದಿ. ಇಮ್ಮಡಿ ಭೈರವರಸ 1586ರಲ್ಲಿ ಕಟ್ಟಿಸಿದ್ದು. ಯಾವ ದಿಕ್ಕಿನಿಂದ ಬಂದರೂ ಒಂದೇ ರೀತಿಯ ಬಾಗಿಲು, ಒಂದೇ ರೀತಿಯ ದರ್ಶನ. ಅದನ್ನು ತೋರಿಸಿ ಮಾವ ಆಂಟೆನಾದ ಪಾಠ ಹೇಳಿದರು. ನೆಟ್ಟಗೆ ನಿಂತ ಕಡ್ಡಿಯ ಆಂಟೆನಾ ಚತುರ್ಮುಖ ಬಸದಿಯಂತೆ, ಎಲ್ಲ ದಿಕ್ಕಿಗೂ ಸಮನಾಗಿ ಮುಖ. ಮನೆಗಳ ಮಾಡಿನ ಮೇಲೆ ಹಿಂದೆ ಟಿವಿಗೆ ಇರುತ್ತಿದ್ದ ಏಣಿಯಂಥ ಆಂಟೆನಾ ಒಂದೇ ಬಾಗಿಲಿನ ಗುಡಿಯಂತೆ, ಒಂದು ದಿಕ್ಕಿಗೆ ಮಾತ್ರ ಮುಖ, ಆದರೆ ಆ ದಿಕ್ಕಿನಲ್ಲಿ ದೂರದವರೆಗೆ ನೋಟ.

ಸಂರಕ್ಷಿತ ಸ್ಮಾರಕಗಳ ಬಳಿ ತಂತಿ ಕಟ್ಟುವಂತಿಲ್ಲ. ಕಟ್ಟಬಾರದು ಕೂಡ. ಆದ್ದರಿಂದ ಊರ ಹೊರಗೆ, ಪರಿಚಯದವರ ಜಾಗದಲ್ಲಿದ್ದ ಒಂದು ಬೋಳು ಪಾದೆಯನ್ನು ಮಾವ ಮೊದಲೇ ಕೇಳಿಟ್ಟಿದ್ದರು. ಇಲ್ಲಿ ಚೀಲದಿಂದ ಹೊರಬಂದ ಸಾಮಾನು ನೋಡಿ ನಮಗೆ ನಗು. ಇನ್ನೊಂದು ಬಗೆಯ ಸೆಟ್ಟು, ಬ್ಯಾಟರಿ, 20 ಮೀಟರ್ ತಾಮ್ರದ ತಂತಿ, ಮತ್ತು ಮೀನು ಹಿಡಿಯುವ ಗಾಳದ ಕೋಲು! ಒಂದರೊಳಗೊಂದು ಮಡಚಿಕೊಳ್ಳುವ ಆ ಕೋಲು ಎಳೆದರೆ ಆರೇಳು ಮೀಟರ್ ಎತ್ತರ. ಅದರ ತುದಿಗೆ ತಂತಿಯ ನಡುಭಾಗ ಕಟ್ಟಿ, ಎರಡು ಕೊನೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಕೆಳಗೆ ಬಿಗಿದರು. ಮಲೆನಾಡಿನ ಮಾಡಿನ ಆಕಾರ.

ಈ ತಂತಿಯ ಅಲೆಗಳ ಗುಣ ಬೇರೆ. ಇವು ಸೆಕೆಂಡಿಗೆ 70 ಲಕ್ಷ ಸಲ ಅದುರುತ್ತವೆ. ಒಂದು ಅಲೆಯ ಉದ್ದ 40 ಮೀಟರಿನಷ್ಟು, ತಂತಿ ಅದರ ಅರ್ಧ. ನೆಲದಿಂದ ನೂರಾರು ಕಿಲೋಮೀಟರ್ ಮೇಲೆ, ಸೂರ್ಯನ ಕಿರಣಗಳಿಂದ ವಿದ್ಯುತ್ ಕಣಗಳಾದ ಗಾಳಿಯ ಪದರಗಳಿವೆ. ಇವನ್ನು ಅಯಾನುಗೋಳ ಎನ್ನುತ್ತಾರೆ. ಗೋಡೆಗೆ ಎಸೆದ ಚೆಂಡು ಮರಳುವಂತೆ ಈ ಅಲೆಗಳು ಅಲ್ಲಿಂದ ಬಾಗಿ ಮತ್ತೆ ನೆಲಕ್ಕೆ ಬರುತ್ತವೆ. ಘಟ್ಟ ಅಡ್ಡ ನಿಂತರೂ ಅದರ ತಲೆಯ ಮೇಲಿನಿಂದ ದಾಟುತ್ತವೆ.

ಹನ್ನೊಂದೂವರೆಗೆ ಮೊದಲ ಉತ್ತರ, ಬೆಂಗಳೂರಿನಿಂದ. ಆಮೇಲೆ ಹೈದರಾಬಾದು. ಅರ್ಧ ಗಂಟೆ ಯಾರೂ ಇಲ್ಲ. ಬುತ್ತಿ ಬಿಚ್ಚಿ ಮೂಡೆ ಚಟ್ನಿ ತಿಂದೆವು. ಮತ್ತೆ ಕರೆದಾಗ ತಿರುವನಂತಪುರ ಸಿಕ್ಕಿತು. ಐದು ವಾಟ್ ಶಕ್ತಿ, ಗಾಳದ ಕೋಲು, ಮತ್ತು ಆ ದೂರ! ಮೊಮ್ಮಗಳು ಪುಸ್ತಕದಲ್ಲಿ ಮೂರನೆಯ ಸಾಲು ಬರೆದು, ನಾಲ್ಕು ಎಂದು ಅಂಕಿ ಹಾಕಿ ಪೆನ್ನು ಹಿಡಿದು ಕಾದಳು. ಶಿಖರದ ಆಟವಲ್ಲದಿದ್ದರೂ ಆ ನಿಯಮವನ್ನು ನಾವು ಇಟ್ಟುಕೊಂಡಿದ್ದೆವು. ಇನ್ನೊಂದು ಬೇಕು.

ಅಷ್ಟರಲ್ಲಿ ಘಟ್ಟದ ಮೇಲೆ ಮೋಡ ಕಪ್ಪಾಯಿತು. ಸೆಟ್ಟಿನಲ್ಲಿ ‘ಟಪ್, ಟಪ್’ ಎಂಬ ಸದ್ದು. ದೂರದ ಸಿಡಿಲನ್ನು ರೇಡಿಯೋ ಕಿವಿಗಿಂತ ಮೊದಲು ಕೇಳುತ್ತದೆ. ಒಂದು ಮಿಂಚು ಹೊಳೆಯಿತು. ಮಾವ ಎಣಿಸತೊಡಗಿದರು. ಮೂವತ್ತೈದಕ್ಕೆ ಗುಡುಗು. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಅಂದರೆ ಸಿಡಿಲು ಸುಮಾರು ಹನ್ನೆರಡು ಕಿಲೋಮೀಟರ್ ದೂರ.

ಅದೇ ಗಳಿಗೆ ಸೆಟ್ಟಿನಲ್ಲಿ ಒಂದು ಮಂದ ದನಿ. ಯಾರೋ ನಮ್ಮ ಸಂಕೇತದ ಕೊನೆಯ ಅಕ್ಷರಗಳನ್ನು ಹೇಳುತ್ತಿದ್ದರು. ನಾಲ್ಕನೆಯ ಕರೆ!

ಮಾವ ಮೈಕು ಎತ್ತಲಿಲ್ಲ. ಸೆಟ್ಟು ಆರಿಸಿದರು, ತಂತಿ ಬಿಚ್ಚಿದರು, ಕೋಲು ಮಡಚಿದರು.

“ಮಾವಾ! ಒಂದೇ ನಿಮಿಷ...”

“ಬೋಳು ಪಾದೆ, ಅದರ ಮೇಲೆ ನೆಟ್ಟಗೆ ನಿಂತ ಕೋಲು, ಕೋಲಿಗೆ ತಾಮ್ರದ ತಂತಿ. ಸಿಡಿಲಿಗೆ ನಾವೇ ಎಲೆ ಹಾಕಿ ಊಟಕ್ಕೆ ಕರೆದ ಹಾಗೆ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಗಟ್ಟಿ ಮನೆಯೊಳಗೆ ಇರಬೇಕು. ಈಗ ಮೂವತ್ತೈದು. ಇಳಿಯುವುದಕ್ಕೆ ಇರುವ ಹೊತ್ತು ಇದೇ.”

ಬುಡದ ಮನೆಯ ಜಗಲಿ ದಾಟಿ ಒಳಗೆ ಸೇರುವಷ್ಟರಲ್ಲಿ ಎಣಿಕೆ ಹದಿನಾರಕ್ಕೆ ಇಳಿದಿತ್ತು. ಆ ಮನೆಯವರು ಬೆಲ್ಲ ನೀರು ಕೊಟ್ಟರು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೂ ಮಾವ ಯಾರನ್ನೂ ಹೊರಗೆ ಬಿಡಲಿಲ್ಲ. ಮೊಮ್ಮಗಳು ಪುಸ್ತಕದ ನಾಲ್ಕನೆಯ ಸಾಲಿನ ಮುಂದೆ ‘ಸಿಡಿಲು’ ಎಂದು ಬರೆದಿದ್ದಳು. ನನಗೆ ಆ ದಾಖಲೆ ಉಳಿದ ಮೂರಕ್ಕಿಂತಲೂ ಮೇಲೆನಿಸಿತು.

ಬರೀ ಆಟವಲ್ಲ

ಮೊಬೈಲು ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಮೊಬೈಲಿಗೆ ಗೋಪುರ ಬೇಕು, ಗೋಪುರಕ್ಕೆ ಕರೆಂಟು ಬೇಕು. 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನಿಗೆ ಬಡಿದಾಗ ಅಲ್ಲಿನ ಸಂಪರ್ಕ ಕಡಿದುಹೋಯಿತು. ಹವ್ಯಾಸಕ್ಕೆಂದು ರೇಡಿಯೋ ಹೊತ್ತು ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮಹಿಳೆ ಮತ್ತು ಅವರ ತಂಡ, ದ್ವೀಪಗಳ ಸುದ್ದಿಯನ್ನು ಹೊರಗಿನವರಿಗೆ ಮುಟ್ಟಿಸುತ್ತಾ ಹಗಲಿರುಳು ದುಡಿದರು. ಆಟಕ್ಕೆ ತಂದ ಸೆಟ್ಟು ಆಪತ್ತಿಗೆ ಬಂತು.

ನಮ್ಮೂರಿಗೂ ಇದು ದೂರದ ಕಥೆಯಲ್ಲ. 2020ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಯ ಮಳೆಗೆ ಉಡುಪಿ ಸೀಮೆ ನೀರಿನಲ್ಲಿ ಮುಳುಗಿದಾಗ ಸಾವಿರಾರು ಜನರನ್ನು ಮನೆಗಳಿಂದ ಬೇರೆಡೆಗೆ ಸಾಗಿಸಬೇಕಾಯಿತು. ಅಂಥ ರಾತ್ರಿ ಕರೆಂಟು ಹೋಗಿ, ಮೊಬೈಲು ಸತ್ತರೆ, ಗುಡ್ಡೆಯ ಮೇಲೆ ಬ್ಯಾಟರಿ ಹಿಡಿದು ಕೂತು ‘ಇಂಥಲ್ಲಿಗೆ ದೋಣಿ ಬೇಕು’ ಎಂದು ತಿಳಿಸಬಲ್ಲವರು ಊರಿಗೆ ಒಬ್ಬಿಬ್ಬರಾದರೂ ಬೇಕಲ್ಲವೇ? ಆ ಕೆಲಸವನ್ನು ಆ ರಾತ್ರಿಯೇ ಕಲಿಯಲಾಗದು. ಬಿಸಿಲಿದ್ದ ದಿನ, ಬುತ್ತಿ ಕಟ್ಟಿಕೊಂಡು, ನಗುತ್ತಾ ಕಲಿತಿರಬೇಕು. ಶಿಖರದ ಆಟ ಕಲಿಸುವುದು ಇದನ್ನೇ. ಕಡಿಮೆ ಸಾಮಾನು, ಸ್ವಂತ ಬ್ಯಾಟರಿ, ಸ್ವಂತ ಕಾಲು, ಮತ್ತು ಯಾವಾಗ ಇಳಿಯಬೇಕೆಂಬ ಬುದ್ಧಿ.

ಆಸಕ್ತಿ ಇದ್ದವರು ಮೊದಲು ಕೇಳುವುದರಿಂದ ಶುರುಮಾಡಿ. ಪರೀಕ್ಷೆಯಲ್ಲಿ ವಿದ್ಯುತ್ತು, ಬಾನುಲಿಯ ಮೂಲ ಪಾಠ ಮತ್ತು ನಿಯಮಗಳು ಇರುತ್ತವೆ. ಎರಡು ದರ್ಜೆಗಳಿವೆ. ಮೇಲಿನ ದರ್ಜೆಗೆ ಚುಕ್ಕಿ ಗೀಟುಗಳ ಮೋರ್ಸ್ ಭಾಷೆಯೂ ಬರಬೇಕು. ಮೂರು ಚುಕ್ಕಿ, ಮೂರು ಗೀಟು, ಮೂರು ಚುಕ್ಕಿ ಎಂದರೆ ‘ಕಾಪಾಡಿ’ ಎಂಬ ಕರೆ. ಇದನ್ನು ಪರೀಕ್ಷೆಗಲ್ಲದಿದ್ದರೂ ನೆನಪಿಟ್ಟುಕೊಳ್ಳಿ. ಒಂದು ಟಾರ್ಚು ಇದ್ದರೂ ಹೇಳಬಹುದು.

ರಜೆಯಲ್ಲಿ ಅಜ್ಜಿ ಮನೆಗೆ ಬಂದಾಗ ಊರಿನ ಒಂದು ಪದವನ್ನೋ ಪಾದೆಯನ್ನೋ ಅಜ್ಜನ ಜೊತೆ ಹತ್ತಿ. ಹಿಂದೆ ಅಲ್ಲಿಂದ ಯಾರು ಯಾರನ್ನು ಹೇಗೆ ಕೂಗಿ ಕರೆಯುತ್ತಿದ್ದರು ಎಂದು ಕೇಳಿ. ಆಮೇಲೆ ಗುಡ್ಡೆಯ ಎತ್ತರಕ್ಕೆ ವರ್ಗಮೂಲ ಹಾಕಿ ನಿಮ್ಮ ಇಂದಿನ ಕೂಗಳತೆ ಎಷ್ಟೆಂದು ಅವರಿಗೆ ಹೇಳಿ. ಅಕ್ಟೋಬರಿನ ಮಧ್ಯಾಹ್ನವಾದರೆ ಒಂದು ಕಣ್ಣು ಘಟ್ಟದ ಮೇಲಿರಲಿ.